ವಿದೌಟ್ ಟಿಕೆಟ್ಟೂ ಕಳ್ಳಾಟವೂ

ರೈಲ್ವೆ ಕಾಯ್ದೆಯ ಪುಸ್ತಕವನ್ನು ಕತೆ ಪುಸ್ತಕದ ಹಾಗೆ ಯಾರೂ ಓದುವುದಿಲ್ಲ. ಆದರೆ ಡೊಂಬಿವಲಿಯಿಂದ ವಿ.ಟಿ.ಗೆ ಮೂರೂವರೆ ದಶಕ ಓಡಾಡಿದ ನನ್ನಂಥವನಿಗೆ ಅದರ ಎರಡು ಕಲಮುಗಳು ಬಾಯಿಪಾಠ. ಟೀಸಿಗಳ ಬಾಯಲ್ಲಿ ಕೇಳಿ ಕೇಳಿಯೇ ಬಂದದ್ದು. 1989ರ ಕಾಯ್ದೆಯ 137 ಮತ್ತು 138.

ಎರಡೂ ಟಿಕೆಟ್ ಇಲ್ಲದೆ ಗಾಡಿ ಹತ್ತಿದವನ ಬಗ್ಗೆಯೇ. ಆದರೆ ಎರಡರ ಧಾಟಿ ಬೇರೆ. 138ರ ಪ್ರಕಾರ, ನಿಮ್ಮ ಹತ್ತಿರ ಸರಿಯಾದ ಟಿಕೆಟ್ ಇಲ್ಲ, ಹಾಗಾಗಿ ಟಿಕೆಟಿನ ದುಡ್ಡು ಮತ್ತು ಅದರ ಮೇಲೆ ಹೆಚ್ಚುವರಿ ಹಣ ಕಟ್ಟಿ, ಮನೆಗೆ ಹೋಗಿ. ಆ ಹೆಚ್ಚುವರಿ ಕನಿಷ್ಠ 250 ರೂಪಾಯಿ ಎಂದು 2004ರಲ್ಲಿ ಗೊತ್ತುಮಾಡಿದರು. ಯಾಕೆ ಟಿಕೆಟ್ ತೆಗೆಯಲಿಲ್ಲ, ಕ್ಯೂ ಉದ್ದ ಇತ್ತೋ, ಮರೆತಿರೋ, ಪಾಸಿನ ಅವಧಿ ನಿನ್ನೆಯೇ ಮುಗಿದಿತ್ತೋ, ಅದು ಯಾರಿಗೂ ಬೇಡ. 137 ಹಾಗಲ್ಲ. ಅದು ನಿಮ್ಮ ಮನಸ್ಸಿನೊಳಗೆ ಇಣುಕಿ ನೋಡುತ್ತದೆ. ರೈಲ್ವೆಗೆ ವಂಚಿಸುವ ಉದ್ದೇಶದಿಂದಲೇ ಹತ್ತಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದೇನು ಹೊಸ ವಿಚಾರವಲ್ಲ. 1890ರಲ್ಲಿ ಬ್ರಿಟಿಷರು ಮಾಡಿದ ರೈಲ್ವೆ ಕಾಯ್ದೆಯಲ್ಲೂ ಇವೇ ಎರಡು ಕಲಮುಗಳು ಒಂದರ ಪಕ್ಕ ಒಂದು ಇದ್ದವು, 112 ಮತ್ತು 113 ಎಂಬ ನಂಬರಿನಲ್ಲಿ. ಬೋರಿಬಂದರಿನಿಂದ ನಮ್ಮ ಥಾಣೆಗೆ ಮೊದಲ ರೈಲು ಬಂದದ್ದು 1853ರ ಏಪ್ರಿಲ್ 16ಕ್ಕೆ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಲ್ಲಿಂದ ನಾಲ್ಕು ದಶಕ ಕಳೆಯುವುದರೊಳಗೆ ಸರಕಾರಕ್ಕೆ ಒಂದು ಮಾತು ಗೊತ್ತಾಗಿತ್ತು: ನಿಯಮ ಮುರಿಯುವವನು ಬೇರೆ, ಮೋಸ ಮಾಡುವವನು ಬೇರೆ.

ಗೆರೆ ಎಳೆದದ್ದೇನೋ ಸರಿ. ಆ ಗೆರೆ ನಿಜಜೀವನದಲ್ಲಿ ಎಲ್ಲೆಲ್ಲಿ ಹಾದುಹೋಗುತ್ತದೆ ಅನ್ನುವುದು ಮಜವಾದ ಸಂಗತಿ.

ಡೊಂಬಿವಲಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಊರ ಕಡೆಯ ಓದುಗರಿಗೆ ಹೇಳುತ್ತೇನೆ. ಬೆಳಿಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿ ಸ್ಟೇಶನ್ನಿನಲ್ಲಿ ಮುಂಬಯಿ ಕಡೆಯ ಗಾಡಿಯಲ್ಲಿ ಕೂರಲು ಜಾಗ ಸಿಗುವುದು ಪೂರ್ವಜನ್ಮದ ಪುಣ್ಯ. ಅದಕ್ಕೆ ಕೆಲವರು ಉಲ್ಟಾ ಹೋಗುತ್ತಾರೆ. ಕಲ್ಯಾಣ ಕಡೆ ಹೋಗುವ ಗಾಡಿ ಹತ್ತಿ, ಕಲ್ಯಾಣದಲ್ಲಿ ಇಳಿಯದೆ ಕೂತಲ್ಲೇ ಕೂತು, ಅದೇ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ರಾಜನ ಹಾಗೆ ವಾಪಸು ಡೊಂಬಿವಲಿ ದಾಟಿ ಹೋಗುತ್ತಾರೆ. ಪಾಸು ಇರುವುದು ಡೊಂಬಿವಲಿಯಿಂದ ಮಾತ್ರ. ಕಾಯ್ದೆಯ ಪ್ರಕಾರ ಡೊಂಬಿವಲಿ-ಕಲ್ಯಾಣದ ಮಟ್ಟಿಗೆ ಇವರು ವಿದೌಟು. ಕಲ್ಯಾಣದಲ್ಲಿ ಹತ್ತುವವರು ಬೈಯುತ್ತಾರೆ, ಜಗಳವಾಗುತ್ತದೆ, ಒಮ್ಮೊಮ್ಮೆ ಕೊರಳಪಟ್ಟಿಗೂ ಕೈ ಹೋಗುತ್ತದೆ. ಆದರೂ ಇವರನ್ನು ಯಾರೂ ‘ಮೋಸಗಾರ’ ಅನ್ನುವುದಿಲ್ಲ. ಮಾಡುವುದೆಲ್ಲ ಎಲ್ಲರ ಕಣ್ಣೆದುರಿಗೆ. ಟೀಸಿ ಬಂದರೆ ದಂಡ ಕಟ್ಟುತ್ತಾರೆ, ಮರುದಿನ ಮತ್ತೆ ಉಲ್ಟಾ!

ಕೂಪನ್ನಿನ ಕಾಲ ನೆನಪಿರುವವರಿಗೆ ಇನ್ನೊಂದು ಜಾತಿಯೂ ಗೊತ್ತು. ಸ್ಟೇಶನ್ನುಗಳಲ್ಲಿ ಕೆಂಪು ಡಬ್ಬಿಯಂಥ ಯಂತ್ರ ಇರುತ್ತಿತ್ತು. ನಮ್ಮ ಹತ್ತಿರ ಕೂಪನ್ ಪುಸ್ತಕ, ಹತ್ತುವ ಮೊದಲು ಬೇಕಾದಷ್ಟು ಕೂಪನ್ನನ್ನು ಯಂತ್ರಕ್ಕೆ ತೂರಿಸಿ ಮೊಹರು ಹೊಡೆಸಿಕೊಂಡರೆ ಅದೇ ಟಿಕೆಟ್. ಈಗ ಆ ಯಂತ್ರಗಳಿಲ್ಲ. ಮೊಹರು ಹೊಡೆಸದೆ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವರು ಬಹಳ ಇದ್ದರು. ಇಳಿದ ಮೇಲೆ ಸೇತುವೆಯ ಮೇಲೆ ಕರಿ ಕೋಟು ಕಂಡರೆ ಮಾತ್ರ ಹಿಂದಕ್ಕೆ ಓಡಿ ಯಂತ್ರಕ್ಕೆ ತೂರಿಸುವುದು, ಆಮೇಲೆ ಸಭ್ಯ ಮುಖ ಹೊತ್ತು ತೋರಿಸುವುದು. ಇವನೂ ವಿದೌಟ್, ಉಲ್ಟಾ ಬಂದವನೂ ವಿದೌಟ್. ಆದರೆ ಇವನ ಜೇಬಿನಲ್ಲಿ ಸುಳ್ಳೊಂದು ತಯಾರಾಗಿ ಕೂತಿದೆ. ಟೀಸಿಯ ಕೈಗೆ ಅವನು ಕೊಡುವುದು ಟಿಕೆಟ್ಟಲ್ಲ, ಟಿಕೆಟ್ಟಿನ ವೇಷ.

ಮುಂಬಯಿಯಲ್ಲಿ ಒಂದು ಹಳೇ ಕತೆ ಇದೆ. ಕೆಲವು ವಿದೌಟ್ ಗಿರಾಕಿಗಳು ಸೇರಿ ತಿಂಗಳಿಗಿಷ್ಟು ಎಂದು ಚಂದಾ ಎತ್ತಿ, ಯಾರು ಸಿಕ್ಕಿಬಿದ್ದರೂ ಆ ಗಂಟಿನಿಂದ ದಂಡ ಕಟ್ಟುತ್ತಾರಂತೆ. ಇಂಥ ಸಂಘದ ಮೆಂಬರನ್ನು ಕಣ್ಣಾರೆ ಕಂಡವರು ನನಗೆ ಸಿಕ್ಕಿಲ್ಲ, ಆದರೆ ಕತೆ ಹೇಳದ ಮುಂಬಯಿಗನೂ ಸಿಕ್ಕಿಲ್ಲ. ಇವರು 138ಕ್ಕೋ 137ಕ್ಕೋ? ದಂಡ ಕಟ್ಟಲು ತಯಾರಿದ್ದೇವೆ ಅನ್ನುತ್ತಾರೆ, ಸರಿ. ಆದರೆ ಕಟ್ಟಬಾರದೆಂದೇ ಇಷ್ಟೆಲ್ಲ ಲೆಕ್ಕ ಹಾಕಿದ್ದು! ನೀವೇ ಯೋಚಿಸಿ.

ಆಟದಲ್ಲಿ ಈ ಗೆರೆ ಹೆಚ್ಚು ಸ್ಪಷ್ಟ. ಗಣೇಶೋತ್ಸವದಲ್ಲಿ ನಮ್ಮ ಸೊಸೈಟಿಯ ಹುಡುಗರು ಕೇರಂ ಆಡುವುದನ್ನು ನೋಡಿ. ಸ್ಟ್ರೈಕರ್ ಪಾಕೆಟ್ಟಿಗೆ ಬಿದ್ದರೆ ಗಳಿಸಿದ ಒಂದು ಕಾಯಿ ವಾಪಸು ಬೋರ್ಡಿನ ಮೇಲೆ. ಯಾರೂ ಅವನನ್ನು ದೂಷಿಸುವುದಿಲ್ಲ, ತಪ್ಪಿನ ಬೆಲೆಯನ್ನು ಆಟವೇ ಮೊದಲು ಗೊತ್ತುಮಾಡಿಟ್ಟಿದೆ. ಅದೇ ಎಲ್ಲರೂ ಚಹಾ ಕುಡಿಯುವಾಗ ಮೊಣಕೈಯಲ್ಲಿ ಕಾಯಿ ಸರಿಸಿದನೋ, ಗಲಾಟೆ. ಮರಾಠಿ ಹುಡುಗರ ಬಾಯಲ್ಲಿ ‘ರಡೀಚಾ ಡಾವ್’ ಎಂಬ ಚೆಂದದ ಮಾತಿದೆ, ಔಟಾದರೂ ಒಪ್ಪದೆ ಗೋಳಿಟ್ಟು ಆಡುವ ಅಳುಬುರುಕನ ಆಟ. ನಮ್ಮಲ್ಲಿ ಕಳ್ಳಾಟ ಅಂತೇವಲ್ಲ, ಅದರ ತಮ್ಮ.

ಫುಟ್ಬಾಲಿನ ಎರಡು ಕೈಗಳನ್ನು ಪಕ್ಕಪಕ್ಕ ಇಟ್ಟರೆ ಇನ್ನೂ ಸ್ಪಷ್ಟ. 1986ರ ಜೂನ್ 22, ಮೆಕ್ಸಿಕೋ. ಮರಡೋನಾ ಇಂಗ್ಲೆಂಡಿನ ಗೋಲಿಯೆದುರು ಎಗರಿ ಕೈಯಿಂದ ಚೆಂಡನ್ನು ಬಲೆಗೆ ತಳ್ಳಿದ. ತಲೆಯಿಂದ ಹೊಡೆದನೆಂದು ರೆಫರಿ ನಂಬಿದ, ಗೋಲು ಕೊಟ್ಟ. 2010ರ ಜುಲೈ 2, ಜೊಹಾನ್ಸ್‌ಬರ್ಗ್. ಹೆಚ್ಚುವರಿ ವೇಳೆಯ ಕೊನೆಯ ಗಳಿಗೆ. ಘಾನಾದ ಚೆಂಡು ಇನ್ನೇನು ಗೋಲಿನೊಳಗೆ ಬೀಳಬೇಕು, ಉರುಗ್ವೆಯ ಸುವಾರೆಜ್ ಗೆರೆಯ ಮೇಲೆ ನಿಂತು ಕೈಯಲ್ಲಿ ತಡೆದ. ಇಡೀ ಲೋಕ ನೋಡಿತು, ರೆಫರಿಯೂ ನೋಡಿದ. ಕೆಂಪು ಕಾರ್ಡು, ಘಾನಾಕ್ಕೆ ಪೆನಾಲ್ಟಿ. ಗ್ಯಾನ್ ಹೊಡೆದ ಚೆಂಡು ಮೇಲಿನ ಕಂಬಕ್ಕೆ ಬಡಿಯಿತು, ಉರುಗ್ವೆ ಗೆದ್ದಿತು. ಆಫ್ರಿಕಾದಲ್ಲಿ ಸುವಾರೆಜ್‌ಗೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ನನಗೂ ಆ ರಾತ್ರಿ ಘಾನಾಕ್ಕಾಗಿ ಹೊಟ್ಟೆ ಉರಿದದ್ದು ನಿಜ. ಆದರೂ ಇವನು ನಿಯಮ ಮುರಿದ, ಬೆಲೆ ತೆತ್ತ. ಮರಡೋನಾ ಬೆಲೆ ತೆರಲಿಲ್ಲ, ಯಾಕೆಂದರೆ ಮುರಿದದ್ದೇ ಗೊತ್ತಾಗದ ಹಾಗೆ ಮುರಿದಿದ್ದ. ಮೋಸ ಮಾಡಿದವನು ದೇವರಾದ, ದಂಡ ಕಟ್ಟಿದವನು ಖಳನಾಯಕನಾದ! ಆಟ ಚೆಂದವಿದ್ದರೆ ನಾವು ಏನನ್ನೂ ಕ್ಷಮಿಸುತ್ತೇವೆ.

ನಿಯಮವನ್ನೇ ಮುರಿಯದವನಿಗೂ ಮೋಸಗಾರನ ಹಣೆಪಟ್ಟಿ ಹತ್ತಿದ್ದುಂಟು. ಪಾಪ, ನಮ್ಮ ವಿನೂ ಮಂಕಡ್. 1947ರ ಕೊನೆಯಲ್ಲಿ ಸ್ವತಂತ್ರ ಭಾರತದ ಮೊದಲ ತಂಡ ಲಾಲಾ ಅಮರನಾಥರ ನಾಯಕತ್ವದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿತ್ತು. ಬಿಲ್ ಬ್ರೌನ್ ಎಂಬ ಬ್ಯಾಟ್ಸ್‌ಮನ್ ಬೌಲಿಂಗ್ ಆಗುವ ಮೊದಲೇ ಆಚೆ ತುದಿಯ ಕ್ರೀಸು ಬಿಟ್ಟು ಓಡುತ್ತಿದ್ದ. ನವೆಂಬರದ ಅಭ್ಯಾಸ ಪಂದ್ಯದಲ್ಲಿ ಮಂಕಡ್ ಮೊದಲು ಎಚ್ಚರಿಸಿ, ಆಮೇಲೂ ಕೇಳದಾಗ ರನೌಟ್ ಮಾಡಿದರು. ಡಿಸೆಂಬರದ ಸಿಡ್ನಿ ಟೆಸ್ಟಿನಲ್ಲಿ ಮತ್ತೆ ಅದೇ ಆಯಿತು, ಮತ್ತೆ ರನೌಟ್. ಆಸ್ಟ್ರೇಲಿಯಾದ ಪತ್ರಿಕೆಗಳು ಕೂಗಾಡಿದವು. ಎದುರು ತಂಡದ ನಾಯಕ ಬ್ರಾಡ್ಮನ್ನರೇ ಮಂಕಡ್ ಪರವಾಗಿ ತಮ್ಮ ಆತ್ಮಕತೆಯಲ್ಲಿ ಬರೆದರು, ತಪ್ಪು ಕ್ರೀಸು ಬಿಟ್ಟವನದು ಎಂದು. ಏನು ಉಪಯೋಗ? ಆ ರೀತಿ ಔಟ್ ಮಾಡುವುದಕ್ಕೆ ‘ಮಂಕಡಿಂಗ್’ ಎಂಬ ಹೆಸರು ಬಿತ್ತು. ಕದ್ದು ಓಡಿದ ಬ್ರೌನ್ ಹೆಸರು ಯಾವ ಬೈಗುಳಕ್ಕೂ ಅಂಟಲಿಲ್ಲ. ನಿಯಮಪುಸ್ತಕದಲ್ಲಿ ಇದು ‘ಅನ್ಯಾಯದ ಆಟ’ ಎಂಬ ಅಧ್ಯಾಯದಲ್ಲಿ ಬಿದ್ದುಕೊಂಡಿತ್ತು. ಅಲ್ಲಿಂದ ಎತ್ತಿ ಮಾಮೂಲಿ ರನೌಟಿನ ಅಧ್ಯಾಯಕ್ಕೆ ಎಂ.ಸಿ.ಸಿ. ಸೇರಿಸಿದ್ದು 2022ರ ಅಕ್ಟೋಬರಿನಲ್ಲಿ. ಮಂಕಡ್ ತೀರಿಕೊಂಡು ಆಗ 44 ವರ್ಷ.

ಇದರ ಇನ್ನೊಂದು ಮಗ್ಗುಲು ನಮ್ಮ ಭದ್ರಾವತಿಯ ವಿಶ್ವನಾಥ್. 1980ರ ಫೆಬ್ರವರಿ, ವಾಂಖೇಡೆ, ಕ್ರಿಕೆಟ್ ಮಂಡಲಿಯ ಸುವರ್ಣ ಮಹೋತ್ಸವದ ಟೆಸ್ಟ್. ಆ 16ರಂದು ಖಗ್ರಾಸ ಸೂರ್ಯಗ್ರಹಣವಿತ್ತು, ಅದಕ್ಕೆಂದೇ ಪಂದ್ಯಕ್ಕೆ ಅಂದು ರಜೆ ಕೊಟ್ಟಿದ್ದರು. ನಮ್ಮ ಅಂಕೋಲೆ ಕಡೆ ಹಾಡುಹಗಲೇ ಕತ್ತಲಾಗಿ ಕೋಳಿಗಳು ಗೂಡು ಸೇರಿದ್ದವು. ಇರಲಿ, ಆಟಕ್ಕೆ ಬರೋಣ. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ 5. ಬೋಥಮ್ ಜೊತೆಗೆ ವಿಕೆಟ್ ಕೀಪರ್ ಬಾಬ್ ಟೇಲರ್. ಟೇಲರ್ ಬ್ಯಾಟಿಗೆ ತಾಗಿ ಬಂದ ಕ್ಯಾಚೆಂದು ಕಿರ್ಮಾನಿ ಹಿಡಿದ ಚೆಂಡಿಗೆ ಅಪೀಲು ಆಯಿತು, ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಟೇಲರ್‌ಗೆ ತಾಗಿಲ್ಲ ಎಂದೇ ಅನಿಸಿತ್ತು. ಸ್ಲಿಪ್ಪಿನಲ್ಲಿ ನಿಂತಿದ್ದ ನಾಯಕ ವಿಶ್ವನಾಥರಿಗೂ ಹಾಗೇ ಅನಿಸಿತು. ಹೋಗಿ ಅಪೀಲು ಹಿಂತೆಗೆದುಕೊಂಡರು. ಟೇಲರ್ ಮರಳಿ ಬಂದರು. ಆ ಜೋಡಿ 171 ಓಟ ಸೇರಿಸಿತು. ಬೋಥಮ್ 114 ಹೊಡೆದದ್ದಲ್ಲದೆ ಎರಡೂ ಇನಿಂಗ್ಸಿನಲ್ಲಿ ಸೇರಿ 13 ವಿಕೆಟ್ ಕಿತ್ತರು. ನಾವು ಹತ್ತು ವಿಕೆಟ್ಟಿನಿಂದ ಸೋತೆವು. ವಿಶ್ವನಾಥ್ ನಾಯಕರಾಗಿ ಆಡಿದ್ದು ಎರಡೇ ಟೆಸ್ಟ್, ಇದು ಎರಡನೆಯದು.

ಮುಂಬಯಿಯ ಕಚೇರಿಗಳಲ್ಲಿ ಈ ಬಗ್ಗೆ ಎಷ್ಟು ವರ್ಷ ವಾದ ನಡೆಯಿತೋ! ‘ಅಂಪೈರ್ ಕೊಟ್ಟ ಮೇಲೆ ಇವನಿಗೇನು ಉಸಾಬರಿ’ ಅಂದವರೇ ಜಾಸ್ತಿ. ನಾನು ಆಗಲೂ ವಿಶ್ವನಾಥ್ ಪಕ್ಷ, ಈಗಲೂ. ಅವರು ಮೌನವಾಗಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ, ಅದಂತೂ ಖರೆ. ಆದರೆ ಅಂಪೈರಿಗೆ ಗೊತ್ತಿಲ್ಲದ ಒಂದು ಸಂಗತಿ ತನಗೆ ಗೊತ್ತಿದೆ, ಆ ಗೊತ್ತಿಲ್ಲದಿರುವಿಕೆಯಿಂದ ತನಗೆ ಲಾಭವಾಗುತ್ತಿದೆ ಎನ್ನುವಾಗ ಬಾಯಿ ಮುಚ್ಚಿಕೊಂಡಿರುವುದು ಅವರಿಗೆ ಆಗಲಿಲ್ಲ. ಕೂಪನ್ ಗಿರಾಕಿಯ ನೇರ ವಿರುದ್ಧ ಜಾತಿ.

ಯಕ್ಷಗಾನ ನೋಡಿ ಬೆಳೆದವರಿಗೆ ಇದೆಲ್ಲ ಹೊಸತಲ್ಲ. ಗದಾಯುದ್ಧದಲ್ಲಿ ಭೀಮ ಕೌರವನ ತೊಡೆಗೆ ಹೊಡೆಯುತ್ತಾನೆ. ಸೊಂಟದ ಕೆಳಗೆ ಹೊಡೆಯಬಾರದೆಂಬುದು ಗದೆಯ ನಿಯಮ. ಬಲರಾಮ ಸಿಟ್ಟಾಗಿ ನೇಗಿಲೆತ್ತುತ್ತಾನೆ. ಆದರೆ ಭೀಮ ತೊಡೆ ಮುರಿಯುತ್ತೇನೆಂದು ತುಂಬಿದ ಸಭೆಯಲ್ಲಿ ವರುಷಗಳ ಹಿಂದೆಯೇ ಕೂಗಿ ಹೇಳಿದ್ದ. ರನ್ನ ಇಡೀ ಕಾವ್ಯವನ್ನು ಆ ಪ್ರತಿಜ್ಞೆಯ ಸುತ್ತಲೇ ಕಟ್ಟಿದ. ಅದೇ ಧರ್ಮರಾಯ ದ್ರೋಣನೆದುರು ಅಶ್ವತ್ಥಾಮ ಸತ್ತನೆಂದ, ಆನೆಯ ಮಾತನ್ನು ನುಂಗಿದ. ಒಂದಕ್ಷರ ಸುಳ್ಳಿಲ್ಲ. ನೆಲಕ್ಕೆ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದೇ ನೆಲಕ್ಕಿಳಿಯಿತು. ಭೀಮನ ರಥಕ್ಕೆ ಏನಾದರೂ ಆಯಿತೆಂದು ಯಾರೂ ಹೇಳಿಲ್ಲ.

ಸರಿ, ಪುರಾಣ ಸಾಕು. ಕೋರ್ಟಿಗೆ ಹೋಗೋಣ.

ನಮ್ಮ ದೇಶದಲ್ಲಿ ಮೋಸಕ್ಕೆ ಒಂದು ನಂಬರಿತ್ತು, ಚಾರ್ ಸೌ ಬೀಸ್. ಮೆಕಾಲೆ ಸಾಹೇಬರು ಕರಡು ಬರೆದು 1860ರಲ್ಲಿ ಅಂಗೀಕಾರವಾದ ದಂಡಸಂಹಿತೆಯ 420ನೇ ಕಲಮು. ರಾಜ್ ಕಪೂರ್ 1955ರಲ್ಲಿ ಆ ನಂಬರಿನ ಮೇಲೆ ಸಿನಿಮಾ ಮಾಡಿದ ಮೇಲಂತೂ ಅಜ್ಜಿಯರಿಗೂ ಅದು ಗೊತ್ತಾಯಿತು. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 318 ಆಗಿದೆ, ಆದರೆ ಬೈಯುವವರು ನಂಬರು ಬದಲಿಸಿಲ್ಲ. 420ರ ತಿರುಳು ಏನೆಂದರೆ, ಒಬ್ಬನನ್ನು ಸುಳ್ಳು ನಂಬಿಸಿ, ಆ ನಂಬಿಕೆಯಿಂದಲೇ ಅವನು ಆಸ್ತಿಯನ್ನೋ ಹಣವನ್ನೋ ಕೊಡುವ ಹಾಗೆ ಮಾಡಬೇಕು. ಹಣ ಕೈಬದಲಾಗಬೇಕು, ಸುಳ್ಳಿನಿಂದಲೇ ಬದಲಾಗಬೇಕು.

2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಹಗರಣ ಹೊರಗೆ ಬಂತು. ಬೆಂಗಳೂರಿನ ಸಿ.ಸಿ.ಬಿ. ಪೋಲೀಸರು ಬೆಳಗಾವಿ ತಂಡದ ಮಾಲೀಕರನ್ನೂ ಕೆಲವು ಆಟಗಾರರನ್ನೂ ಹಿಡಿದರು. ದುಡ್ಡು ತೆಗೆದುಕೊಂಡು ಪಂದ್ಯ ಫಿಕ್ಸ್ ಮಾಡಿದರೆಂಬ ಆರೋಪ, 420ರ ಕೇಸು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶ್ರೀನಿವಾಸ ಹರೀಶ್ ಕುಮಾರ್ ಆ ಕೇಸನ್ನು ರದ್ದುಮಾಡಿದರು. ಫಿಕ್ಸಿಂಗ್ ನಡೆದಿದೆಯೋ ಇಲ್ಲವೋ ಎಂಬಲ್ಲಿಗೆ ವಿಷಯ ಹೋಗಲೇ ಇಲ್ಲ. ನಡೆದಿದ್ದರೂ ಅದು 420 ಆಗುವುದಿಲ್ಲ ಎಂದದ್ದು ಕೋರ್ಟು. ನೋಡುಗರು ನ್ಯಾಯವಾದ ಆಟ ನೋಡುತ್ತೇವೆಂಬ ಭಾವನೆ ಇಟ್ಟುಕೊಂಡಿರಬಹುದು, ಆದರೆ ಟಿಕೆಟ್ ಕೊಂಡದ್ದು ಸ್ವಇಚ್ಛೆಯಿಂದ, ಯಾರೂ ಅವರನ್ನು ಪ್ರೇರೇಪಿಸಿಲ್ಲ. ಇದು ಅಪ್ರಾಮಾಣಿಕತೆ, ಅಶಿಸ್ತು ಎಲ್ಲವೂ ಹೌದು, ಅದಕ್ಕೆ ಕ್ರಮ ತೆಗೆದುಕೊಳ್ಳಬೇಕಾದ್ದು ಕ್ರಿಕೆಟ್ ಮಂಡಲಿ. ಜೂಜಿನ ಕಾಯ್ದೆಯೂ ಹೊಂದಲಿಲ್ಲ, ಕ್ರಿಕೆಟ್ ಕ್ರೀಡೆ, ಜೂಜಲ್ಲ. ಇದ್ದ ಕಾನೂನಿನ ಅಕ್ಷರ ನೋಡಿದರೆ ನ್ಯಾಯಮೂರ್ತಿಗಳ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳುವುದು ಕಷ್ಟ. ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2025ರಲ್ಲಿ ಮಂಡಲಿಯೇ ಅಲ್ಲಿ ನಿಂತು ಮ್ಯಾಚ್ ಫಿಕ್ಸಿಂಗ್ ಮೋಸವೇ ಎಂದು ವಾದಿಸಿತು.

ಇಂಗ್ಲೆಂಡಿನಲ್ಲಿ ಇದೇ ಕತೆ ಬೇರೆ ತೆರನಾಗಿ ಮುಗಿದಿತ್ತು. 2010ರ ಆಗಸ್ಟಿನಲ್ಲಿ ಲಾರ್ಡ್ಸ್‌ನಲ್ಲಿ ಪಾಕಿಸ್ತಾನದ ಇಬ್ಬರು ಬೌಲರುಗಳು ದುಡ್ಡಿಗಾಗಿ ಮೂರು ನೋಬಾಲ್ ಹಾಕಿದರು. ನೋಬಾಲ್ ಅಂದರೆ ಕ್ರಿಕೆಟ್ಟಿನ ಅತಿ ಅಗ್ಗದ ತಪ್ಪು, ಬೆಲೆ ಒಂದೇ ಒಂದು ಓಟ. ದಿನಕ್ಕೆ ಹತ್ತು ಆಗುತ್ತವೆ, ಅಂಪೈರ್ ಕೈ ಚಾಚುತ್ತಾನೆ, ಮುಗಿಯಿತು. ಆದರೆ ಆ ಮೂರನ್ನು ಮೊದಲೇ ಮಾರಿದ್ದರು. ಅಲ್ಲಿ 2005ರ ಜೂಜು ಕಾಯ್ದೆಯಲ್ಲಿ ‘ಮೋಸ’ಕ್ಕೆಂದೇ ಕಲಮು ಇದ್ದುದರಿಂದ 2011ರ ನವೆಂಬರಿನಲ್ಲಿ ನಾಯಕ ಸಲ್ಮಾನ್ ಬಟ್‌ಗೆ 30 ತಿಂಗಳು, ಆಸಿಫ್‌ಗೆ ಒಂದು ವರ್ಷ, ಎಳೆಯ ಆಮಿರ್‌ಗೆ ಆರು ತಿಂಗಳು ಜೈಲಾಯಿತು. ಪಾದ ಗೆರೆ ದಾಟಿದ್ದು ಅಷ್ಟೇ, ಬೇರೆ ನೋಬಾಲುಗಳ ಹಾಗೇ.

ಯಾರಿಗೆ ಮೋಸವಾಯಿತು ಎಂಬ ಪ್ರಶ್ನೆಯೇ ಎಲ್ಲವನ್ನೂ ತೊಡಕಾಗಿಸುವುದು. ರಾಹುಲ್ ದ್ರಾವಿಡ್ 2015ರ ಡಿಸೆಂಬರಿನಲ್ಲಿ ದಿಲ್ಲಿಯ ಪಟೌಡಿ ಉಪನ್ಯಾಸದಲ್ಲಿ ವಯಸ್ಸು ಕದ್ದು ಕಿರಿಯರ ತಂಡ ಸೇರುವವರ ಬಗ್ಗೆ ಹೇಳಿದ್ದು ಇದನ್ನೇ. ಹಾಗೆ ಸೇರಿದವನು ಆಯ್ಕೆಯಾಗುವುದು ದೇಹ ಬಲಿತದ್ದರಿಂದ, ಪ್ರತಿಭೆಯಿಂದಲ್ಲ. ಅವನಿಂದಾಗಿ ಜಾಗ ಕಳಕೊಂಡ ಪ್ರಾಮಾಣಿಕ ಹುಡುಗ ಬೇಸತ್ತು ಆಟವನ್ನೇ ಬಿಟ್ಟುಹೋಗಬಹುದು. ಆ ಹುಡುಗನ ಹೆಸರು ಯಾವ ಎಫ್.ಐ.ಆರ್.ನಲ್ಲಿ ಬರೆಯುತ್ತೀರಿ? ಅವನು ಯಾರಿಗೂ ಹಣ ಕೊಟ್ಟಿಲ್ಲ. ತನಗೆ ಮೋಸವಾಗಿದೆ ಎಂದು ಅವನಿಗೇ ಗೊತ್ತಿರಲಿಕ್ಕಿಲ್ಲ.

ಈಗ ನಮ್ಮ ಓಣಿಗೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕಾರಣವಾದದ್ದು ಕ್ರಿಕೆಟ್ಟಲ್ಲ, ಡೊಂಬಿವಲಿಯ 65 ಕಟ್ಟಡಗಳು.

ಥಾಣೆ ಜಿಲ್ಲೆಯಲ್ಲಿ ಅನಧಿಕೃತ ಕಟ್ಟಡವೆಂದರೆ ಯಾರಿಗೂ ಆಶ್ಚರ್ಯವಿಲ್ಲ. ಉಲ್ಲಾಸನಗರದಲ್ಲಿ 855 ಕಟ್ಟಡಗಳನ್ನು ಕೆಡವಬೇಕೆಂದು ಹೈಕೋರ್ಟು ಹೇಳಿದಾಗ ಸರಕಾರ 2006ರಲ್ಲಿ ಹೊಸ ಕಾಯ್ದೆಯನ್ನೇ ಮಾಡಿ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು ಹೊರಟಿತು. ನವಿ ಮುಂಬಯಿಯ ದೀಘಾದಲ್ಲಿ ಎಂ.ಐ.ಡಿ.ಸಿ. ಜಾಗದಲ್ಲಿ ಎದ್ದ 99 ಕಟ್ಟಡಗಳ ಗಲಾಟೆ 2015ರದ್ದು, ಅಲ್ಲಿ ಬುಲ್ಡೋಜರ್ ಓಡಿತು. ನಮ್ಮ ಕರ್ನಾಟಕದಲ್ಲಿ ಇದಕ್ಕೆ ‘ಅಕ್ರಮ-ಸಕ್ರಮ’ ಎಂಬ ಅಂದದ ಜೋಡಿಪದವೇ ಇದೆ, ಗಂಡಹೆಂಡಿರ ಹೆಸರಿನ ಹಾಗೆ. ಮಹಾರಾಷ್ಟ್ರದಲ್ಲಿ ಅಕ್ರಮ ಮನೆಯ ಮೇಲೆ ಮಾಮೂಲು ತೆರಿಗೆಯ ಜೊತೆಗೆ ‘ಶಾಸ್ತಿ’ ಎಂದು ಇನ್ನಷ್ಟು ಹಾಕುತ್ತಾರೆ. ಕಟ್ಟಿದರೂ ಮನೆ ಸಕ್ರಮವಾಗುವುದಿಲ್ಲ, ಶಾಸ್ತಿ ಮಾತ್ರ ಶಾಸ್ತಿಯೇ, ಕನ್ನಡದ ಅರ್ಥದಲ್ಲೇ.

ಇದೆಲ್ಲ ಬಯಲಲ್ಲೇ ನಡೆಯುವ ನಿಯಮಭಂಗ. ಕಟ್ಟುವವನಿಗೂ ಗೊತ್ತು, ಕೊಳ್ಳುವವನಿಗೂ ಅರ್ಧ ಗೊತ್ತು, ರೇಟು ಕಡಿಮೆ ಇರುವುದೇ ಅದಕ್ಕೆ. ಬಯಲಲ್ಲಿ ನಡೆಯುತ್ತದೆಂದು ಹಗುರ ಮಾಡಬೇಡಿ. 2013ರ ಏಪ್ರಿಲ್ 4ರಂದು ಮುಂಬ್ರಾದ ಶೀಲ್ ಫಾಟಾದಲ್ಲಿ ಅನುಮತಿಯಿಲ್ಲದೆ ಕೆಲವೇ ತಿಂಗಳಲ್ಲಿ ಎಬ್ಬಿಸಿದ ಏಳು ಮಹಡಿ ಕುಸಿದು 74 ಜನ ಸತ್ತರು. ಹಲವರು ಅಲ್ಲೇ ದುಡಿಯುತ್ತಿದ್ದ ಕೂಲಿಯವರು, ಅವರ ಮಕ್ಕಳು. ಫೌಲಿಗೆ ಒಂದು ಕಾಯಿ ವಾಪಸು ಎಂಬ ಕೇರಂ ಲೆಕ್ಕ ಅಲ್ಲಿ ನಡೆಯಲಿಲ್ಲ.

ಡೊಂಬಿವಲಿಯ 65ರ ಕತೆ ಬೇರೆಯೇ. 2017ರ ಮೇ 1ರಿಂದ ಮಹಾರೇರಾ ಬಂದ ಮೇಲೆ ನಮ್ಮಂಥ ಮಧ್ಯಮವರ್ಗದವರಿಗೆ ಒಂದು ಧೈರ್ಯ ಬಂದಿತ್ತು. ಬಿಲ್ಡರನ ಬಾಯಿ ನಂಬಬೇಡ, ರೇರಾ ನಂಬರ್ ಕೇಳು, ವೆಬ್‌ಸೈಟಿನಲ್ಲಿ ನೋಡು. ಜನ ಹಾಗೇ ಮಾಡಿದರು. ನಂಬರಿತ್ತು. ಬ್ಯಾಂಕಿನವರು ಸಾಲ ಕೊಟ್ಟರು. ನೋಂದಣಿಯಾಯಿತು. ಆದರೆ ಆ ನಂಬರು ಪಡೆಯಲು ಕೆಲವು ಬಿಲ್ಡರುಗಳು ರೇರಾಕ್ಕೆ ಕೊಟ್ಟಿದ್ದ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಅನುಮತಿಪತ್ರಗಳೇ ನಕಲಿ. ಮೊಹರು ನಕಲಿ, ಸಹಿ ನಕಲಿ. ಪಾಲಿಕೆ ಅಂಥ ಪತ್ರ ಕೊಟ್ಟೇ ಇರಲಿಲ್ಲ. ಸಂದೀಪ್ ಪಾಟೀಲ್ ಎಂಬ ವಾಸ್ತುಶಿಲ್ಪಿ ಮಾಹಿತಿ ಕೆದಕಿ ಹೈಕೋರ್ಟಿಗೆ ಹೋದರು. 2022ರಲ್ಲಿ ಪೋಲೀಸರ ವಿಶೇಷ ತನಿಖಾದಳವಾಯಿತು, ಆಮೇಲೆ ಇ.ಡಿ.ಯೂ ಬಂತು. 2024ರ ನವೆಂಬರ್ 19ರಂದು ಮುಂಬಯಿ ಹೈಕೋರ್ಟು 65 ಕಟ್ಟಡಗಳನ್ನು ಮೂರು ತಿಂಗಳೊಳಗೆ ಕೆಡವಿರೆಂದು ಆದೇಶಿಸಿತು. ಒಳಗೆ ಸಾವಿರಾರು ಸಂಸಾರಗಳು. 2025ರ ಫೆಬ್ರವರಿಯಲ್ಲಿ ಹೆಂಗಸರು ಮಕ್ಕಳು ಬೀದಿಗಿಳಿದರು, ಮುಖ್ಯಮಂತ್ರಿ ಆಶ್ವಾಸನೆ ಕೊಟ್ಟರು.

ಕೋರ್ಟನ್ನು ದೂರುವುದು ಸುಲಭ, ಆದರೆ ಅವರೇನು ಮಾಡಬೇಕಿತ್ತು? ನಕಲಿ ಮೊಹರನ್ನು ಸಕ್ರಮ ಮಾಡಿದರೆ ನಾಳೆ ಎಲ್ಲರೂ ಮೊಹರು ಕೊರೆಸುತ್ತಾರೆ. ನನ್ನ ತಕರಾರು ಇರುವುದು ಬೇರೆ ಕಡೆ. ಬೆಂಗಳೂರಿನಲ್ಲಿ ಮೋಸದಂತೆ ಕಾಣುವುದನ್ನು ಕಾನೂನು ನಿಯಮಭಂಗದ ಬೋಗಿಯಲ್ಲಿ ಕೂರಿಸಿತು, ಮಂಡಲಿಯ ದಂಡಕ್ಕೆ ಬಿಟ್ಟಿತು. ಡೊಂಬಿವಲಿಯಲ್ಲಿ 420ರ ಅಕ್ಷರ ಅಕ್ಷರಕ್ಕೂ ಹೊಂದುವ ಮೋಸ ನಡೆದಿದೆ, ಸುಳ್ಳು ಇದೆ, ನಂಬಿಕೆ ಇದೆ, ಕೈಬದಲಾದ ಲಕ್ಷಾಂತರ ರೂಪಾಯಿ ಇದೆ. ಆದರೆ ನೋಟೀಸು ಅಂಟುವುದು ಯಾರ ಬಾಗಿಲಿಗೆ? ಮೋಸಹೋದವರ ಬಾಗಿಲಿಗೆ. ಕಾಗದದಲ್ಲಿ ‘ಅನಧಿಕೃತ ಕಟ್ಟಡದ ನಿವಾಸಿ’ ಅಂದರೆ ಅವರೇ. ನಿಯಮ ಮುರಿದವರ ಸಾಲಿನಲ್ಲಿ ಅವರೇ ನಿಂತಿದ್ದಾರೆ, ಟಿಕೆಟ್ ತೆಗೆದುಕೊಂಡು ಹತ್ತಿದವನ ಕೈಯಲ್ಲಿ ಯಾರೋ ನಕಲಿ ಟಿಕೆಟ್ ಇಟ್ಟು, ಟೀಸಿ ಅವನನ್ನೇ ಕೆಳಗಿಳಿಸಿದ ಹಾಗೆ.

ಪಾಲಿಕೆಯ ಅನುಮತಿ ಅಸಲಿಯೋ ನಕಲಿಯೋ ಎಂದು ನೇರವಾಗಿ ಪಾಲಿಕೆಯಿಂದಲೇ ತಿಳಿದುಕೊಳ್ಳುವ ಏರ್ಪಾಡನ್ನು ರೇರಾ ಮಾಡಿಕೊಂಡದ್ದು ಈ ಹಗರಣದ ನಂತರ. ಅಲ್ಲಿಯವರೆಗೆ ಕಾಗದ ತಂದವನನ್ನೇ ನಂಬುವ ಪದ್ಧತಿ. ನಂಬುವುದು ತಪ್ಪೇ ಅಂತ ಕೇಳಬೇಡಿ. ಕಳ್ಳಾಟ ನಡೆಯುವುದೇ ಉಳಿದವರೆಲ್ಲ ನಿಯಮದಂತೆ ಆಡುತ್ತಿರುವಾಗ. ಎಲ್ಲರೂ ಕಳ್ಳರಾದರೆ ರೇರಾ ನಂಬರಿಗೆ ಕಿಮ್ಮತ್ತೇ ಇರುತ್ತಿರಲಿಲ್ಲ, ಅದನ್ನು ನಕಲು ಮಾಡುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

ನನಗೆ ಪರಿಚಯದವರೊಬ್ಬರು, ಬಿಜಾಪುರ ಕಡೆಯವರು, ಇಂಥದೇ ಒಂದು ಕಟ್ಟಡದಲ್ಲಿ ಮನೆ ಕೊಂಡವರು. ರಿಟೈರಾಗುವ ಮುಂಚೆ ಪಿ.ಎಫ್. ತೆಗೆದು, ಮಗನ ಹೆಸರಿನಲ್ಲಿ ಸಾಲ ಮಾಡಿ ಕೊಂಡದ್ದು. ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. ಕಟ್ಟಡದ ಮಾತು ನಾನಾಗಿ ಎತ್ತಲಿಲ್ಲ, ಅವರೇ ಎತ್ತಿದರು.

‘ಇಎಂಐ ಕಟ್ಟೂದು ಬಿಡೂ ಹಂಗಿಲ್ರೀ,’ ಅಂದರು. ‘ಬಿಟ್ರ ನಾವು ಬ್ಯಾಂಕಿಗೆ ಮೋಸ ಮಾಡಿದಂಗ ಆಗ್ತದಂತ.’